ವಾರ್ಡಿನಲ್ಲಿ ಎಂಟು ವರ್ಷ ಆದ ಮೇಲೆ ಸ್ಪೆಷಲಿಸ್ಟ್ ನರ್ಸ್ ಆಗಲು ಹೊರಡಬಹುದಾ?

ಪ್ರಶ್ನೆ: ಮೇಡಂ, ನಾನು ಬಿ.ಎಸ್ಸಿ ನರ್ಸಿಂಗ್ ಮುಗಿಸಿ ಎಂಟು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ. ಮೊದಲ ಮೂರು ವರ್ಷ ಐಸಿಯು, ಆಮೇಲೆ ಮೆಡಿಸಿನ್ ವಾರ್ಡ್. ಈಗ ಸಕ್ಕರೆ ಕಾಯಿಲೆ ರೋಗಿಗಳ ವಿಷಯ ಬಂದರೆ ಬೇರೆ ವಾರ್ಡಿನ ಸಿಸ್ಟರ್‌ಗಳೂ ನನ್ನನ್ನೇ ಕರೆಯುತ್ತಾರೆ. ಇದರಲ್ಲೇ ಆಳವಾಗಿ ಓದಬೇಕು ಅಂತ ಆಸೆ. ಆದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. "ಅಡ್ವಾನ್ಸ್ಡ್ ಪ್ರಾಕ್ಟೀಸ್ ನರ್ಸ್ ಅಂದ್ರೆ ಅರ್ಧ ಡಾಕ್ಟರ್, ಅಲ್ಲಿಗೂ ಸಲ್ಲಲ್ಲ ಇಲ್ಲಿಗೂ ಸಲ್ಲಲ್ಲ" ಅಂತ ಕೆಲವರು. "ಮಾಸ್ಟರ್ಸ್ ಮಾಡಿದ್ರೆ ರೋಗಿಗಳ ಹತ್ತಿರ ಇರೋದೇ ಇಲ್ಲ, ಪಾಠ ಮಾಡ್ಬೇಕು ಇಲ್ಲ ಆಫೀಸಲ್ಲಿ ಕೂರ್ಬೇಕು" ಅಂತ ಇನ್ನು ಕೆಲವರು. ಆರು ವಾರದ ಆನ್‌ಲೈನ್ ಸರ್ಟಿಫಿಕೇಟ್ ಸಾಕು ಅನ್ನುವ ಜಾಹೀರಾತೂ ನೋಡಿದೆ. ನನಗೆ 33 ವರ್ಷ, ಚಿಕ್ಕ ಮಗು ಇದೆ. ಸಾಲ ಮಾಡಿ ಓದಿ, ಕೊನೆಗೆ ಇದೇ ವಾರ್ಡಿಗೆ, ಇದೇ ಸಂಬಳಕ್ಕೆ ವಾಪಸ್ ಬಂದರೆ ಏನು ಗತಿ? ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್ ಆಗಲೋ, ನರ್ಸ್ ಪ್ರಾಕ್ಟಿಷನರ್ ಆಗಲೋ ಅನ್ನುವುದೂ ತಿಳಿಯುತ್ತಿಲ್ಲ.

ಉತ್ತರ: ನೀವು ಕೇಳಿದ್ದು ಐದಾರು ಪ್ರಶ್ನೆ. ಆದರೆ ಎಲ್ಲದರ ಕೆಳಗೆ ಇರುವ ಭಯ ಒಂದೇ: ಓದಿ ಬಂದ ಮೇಲೆ ನನಗೆ ಅಂತ ಒಂದು ಜಾಗ ಇರುತ್ತದಾ? ಇದು ಸರಿಯಾದ ಭಯ. ನಾನು ಸಕ್ಕರೆ ಕಾಯಿಲೆ ವಿಭಾಗದಲ್ಲೇ ಸ್ಪೆಷಲಿಸ್ಟ್ ನರ್ಸ್ ಆಗಿ ಕೆಲಸ ಮಾಡಿದವಳು, ಈಗ ಈ ದಾರಿಗೆ ಬರುವವರಿಗೆ ವಾರ್ಡಿನಲ್ಲಿ ತರಬೇತಿ ಕೊಡುತ್ತೇನೆ. ಬುದ್ಧಿ ಸಾಲದೆ ಸೋತವರನ್ನು ನಾನು ಕಂಡದ್ದು ಕಡಿಮೆ. ಡಿಗ್ರಿ ಮೊದಲು ತೆಗೆದುಕೊಂಡು, ಹುದ್ದೆ ಆಮೇಲೆ ಹುಡುಕಲು ಹೊರಟು ಸೋತವರೇ ಜಾಸ್ತಿ.

ಮೊದಲು ಈ "ಅರ್ಧ ಡಾಕ್ಟರ್" ಮಾತು. ಮಾಸ್ಟರ್ಸ್ ಮಟ್ಟದ ತರಬೇತಿ ಪಡೆದು ಹೆಚ್ಚಿನ ಕ್ಲಿನಿಕಲ್ ಜವಾಬ್ದಾರಿ ಹೊರುವ ನರ್ಸ್‌ಗೆ ಅಡ್ವಾನ್ಸ್ಡ್ ಪ್ರಾಕ್ಟೀಸ್ ನರ್ಸ್ ಅನ್ನುತ್ತಾರೆ. ಈ ಕೆಲಸ ಹುಟ್ಟಿದ್ದು ನರ್ಸಿಂಗ್ ಒಳಗಿನಿಂದಲೇ. 1954ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ ಹಿಲ್ಡೆಗಾರ್ಡ್ ಪೆಪ್ಲೌ ಮಾನಸಿಕ ಆರೋಗ್ಯದ ಶುಶ್ರೂಷೆಯಲ್ಲಿ ಸ್ಪೆಷಲಿಸ್ಟ್‌ಗಳನ್ನು ತಯಾರು ಮಾಡುವ ಮಾಸ್ಟರ್ಸ್ ಕೋರ್ಸ್ ಶುರು ಮಾಡಿದರು. 1965ರಲ್ಲಿ ಕೊಲರಾಡೋ ವಿಶ್ವವಿದ್ಯಾಲಯದಲ್ಲಿ ನರ್ಸ್ ಲೊರೆಟ್ಟಾ ಫೋರ್ಡ್ ಮತ್ತು ಮಕ್ಕಳ ಡಾಕ್ಟರ್ ಹೆನ್ರಿ ಸಿಲ್ವರ್ ಸೇರಿ ಮೊದಲ ನರ್ಸ್ ಪ್ರಾಕ್ಟಿಷನರ್ ತರಬೇತಿ ಕಟ್ಟಿದರು. ಒಂದು ಸ್ಪೆಷಲಿಸ್ಟ್ ದಾರಿ, ಇನ್ನೊಂದು ಪ್ರಾಕ್ಟಿಷನರ್ ದಾರಿ. ಇವತ್ತಿಗೂ ಮುಖ್ಯವಾಗಿ ಇರುವುದು ಈ ಎರಡೇ. ಅಮೆರಿಕದಲ್ಲಿ ಅರಿವಳಿಕೆ ನರ್ಸ್ ಮತ್ತು ನರ್ಸ್ ಮಿಡ್‌ವೈಫ್ ಸೇರಿಸಿ ನಾಲ್ಕು ಅಂತ ಎಣಿಸುತ್ತಾರೆ.

ಕೆಲಸ ಚೆನ್ನಾಗಿ ನಡೆಯುತ್ತದಾ ಅನ್ನುವುದಕ್ಕೂ ಪುರಾವೆ ಇದೆ. ಪ್ರಾಥಮಿಕ ಚಿಕಿತ್ಸೆಯಲ್ಲಿ ಡಾಕ್ಟರ್ ಬದಲು ತರಬೇತಿ ಪಡೆದ ನರ್ಸ್ ರೋಗಿಯನ್ನು ನೋಡಿದರೆ ಏನಾಗುತ್ತದೆ ಅಂತ 18 ಪ್ರಯೋಗಗಳನ್ನು ಒಟ್ಟಿಗೆ ಇಟ್ಟು ನೋಡಿದ ಕಾಕ್ರೇನ್ (ವೈದ್ಯಕೀಯ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಸಂಸ್ಥೆ) ವರದಿ 2018ರಲ್ಲಿ ಬಂತು. ರೋಗಿಗಳ ಆರೋಗ್ಯ ಬಹುತೇಕ ಅಷ್ಟೇ ಚೆನ್ನಾಗಿತ್ತು, ಕೆಲವು ವಿಷಯಗಳಲ್ಲಿ ತುಸು ಮೇಲು. ರೋಗಿಗಳಿಗೆ ತೃಪ್ತಿ ಹೆಚ್ಚು. ಆದರೆ ಒಬ್ಬೊಬ್ಬ ರೋಗಿಗೆ ಹಿಡಿದ ಸಮಯವೂ ಹೆಚ್ಚು. ಈ ಪ್ರಯೋಗಗಳು ಹೆಚ್ಚಾಗಿ ಶ್ರೀಮಂತ ದೇಶಗಳವು, ಅದು ನೆನಪಿರಲಿ. ಹಾಗಂತ ನರ್ಸ್ ಡಾಕ್ಟರ್ ಆಗಿಬಿಡುತ್ತಾರೆ ಅಂತ ಅರ್ಥ ಅಲ್ಲ. ತನ್ನ ಎಲ್ಲೆಯೊಳಗೆ, ತರಬೇತಿಯೊಂದಿಗೆ ಕೆಲಸ ಮಾಡಿದರೆ ರೋಗಿಗೆ ನಷ್ಟ ಇಲ್ಲ ಅಂತ ಅಷ್ಟೇ.

ಈಗ ಕೆಲಸ ಹೇಗಿರುತ್ತದೆ ಅಂತ ನೋಡೋಣ. ನಿಮ್ಮ ವಿಷಯದಿಂದಲೇ ಉದಾಹರಣೆ ತೆಗೆದುಕೊಳ್ಳುತ್ತೇನೆ.

ಒಬ್ಬ ರೋಗಿ. ಇನ್ಸುಲಿನ್ ಡೋಸ್ ಏರಿಸುತ್ತಲೇ ಇದ್ದಾರೆ, ಆದರೂ ಶುಗರ್ ಒಂದು ದಿನ ಆಕಾಶಕ್ಕೆ, ಒಂದು ದಿನ ಪಾತಾಳಕ್ಕೆ. ಕೇಸ್ ಶೀಟಿನಲ್ಲಿ "ಸರಿಯಾಗಿ ಔಷಧಿ ತೆಗೆದುಕೊಳ್ಳುತ್ತಿಲ್ಲ" ಅಂತ ಬರೆದಿದೆ. ಸ್ಪೆಷಲಿಸ್ಟ್ ನರ್ಸ್ ಬಂದು ಮೊದಲು ಕೇಳುವುದು "ಇಂಜೆಕ್ಷನ್ ಎಲ್ಲಿ ತಗೋತೀರಿ, ತೋರಿಸಿ" ಅಂತ. ರೋಗಿ ಹೊಟ್ಟೆ ತೋರಿಸುತ್ತಾರೆ. ಕಣ್ಣಿಗೆ ಏನೂ ಕಾಣುವುದಿಲ್ಲ. ಬೆರಳಿನ ತುದಿ ಒತ್ತಿ ಮೆಲ್ಲಗೆ ಸವರಿಕೊಂಡು ಹೋದರೆ ಹೊಕ್ಕುಳಿನ ಪಕ್ಕ ಒಂದು ಕಡೆ ಚರ್ಮದ ಕೆಳಗೆ ಗಟ್ಟಿಯಾಗಿ, ರಬ್ಬರಿನ ಹಾಗೆ ಸಿಗುತ್ತದೆ. ಇದೇ ಲೈಪೋಹೈಪರ್ಟ್ರೋಫಿ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಚುಚ್ಚಿ ಕೊಬ್ಬು ಗಂಟು ಕಟ್ಟಿರುತ್ತದೆ. ಅಲ್ಲಿ ನೋವು ಕಡಿಮೆ, ಹಾಗಾಗಿ ರೋಗಿ ಅಲ್ಲೇ ಚುಚ್ಚಿಕೊಳ್ಳುತ್ತಾರೆ. ಒಂದೇ ಸೂಜಿಯನ್ನು ಹಲವು ಸಲ ಬಳಸಿದ್ದರೆ ಇನ್ನೂ ಜಾಸ್ತಿ. ಆ ಗಂಟಿನಿಂದ ಇನ್ಸುಲಿನ್ ಒಂದೊಂದು ದಿನ ಒಂದೊಂದು ಥರ ರಕ್ತಕ್ಕೆ ಸೇರುತ್ತದೆ.

ಜಾಗ ಬದಲಿಸಿ ಅಂತ ಹೇಳಿ ಹೋಗುವುದು ಸುಲಭ. ಅಪಾಯ ಇರುವುದೂ ಅಲ್ಲೇ. ಏರಿಸಿಟ್ಟ ಡೋಸ್ ಅನ್ನು ಒಳ್ಳೆಯ ಚರ್ಮಕ್ಕೆ ಕೊಟ್ಟರೆ ಪೂರ್ತಿ ಕೆಲಸ ಮಾಡುತ್ತದೆ, ಶುಗರ್ ದಿಢೀರ್ ಅಂತ ಇಳಿಯಬಹುದು. ಹಾಗಾಗಿ ಜಾಗ ಬದಲಿಸುವ ದಿನವೇ ಡೋಸ್ ಇಳಿಸುವ ಮಾತು ಆಗಬೇಕು, ಮುಂದಿನ ಕೆಲವು ದಿನ ಶುಗರ್ ಹೆಚ್ಚು ಸಲ ನೋಡಬೇಕು.

ಇಲ್ಲಿಂದ ಎರಡು ದಾರಿ ಬೇರೆಯಾಗುತ್ತವೆ. ನರ್ಸ್ ಪ್ರಾಕ್ಟಿಷನರ್ ಆಗಿದ್ದರೆ, ಆ ದೇಶದ ಕಾನೂನು ಒಪ್ಪಿದರೆ, ಡೋಸ್ ಅವರೇ ಬದಲಿಸುತ್ತಾರೆ. ಮೂರು ತಿಂಗಳ ಶುಗರ್ ಸರಾಸರಿ ತೋರಿಸುವ ರಕ್ತ ಪರೀಕ್ಷೆಗೆ ಬರೆಯುತ್ತಾರೆ, ಕಾಲು ನೋಡುತ್ತಾರೆ, ಕಣ್ಣಿನ ಡಾಕ್ಟರಿಗೆ ಕಳಿಸುತ್ತಾರೆ, ಮುಂದಿನ ಭೇಟಿಯ ದಿನ ಗೊತ್ತು ಮಾಡುತ್ತಾರೆ. ಅದು ಅವರ ರೋಗಿ. ನಾಳೆ ಏನಾದರೂ ತಪ್ಪಾದರೆ ಉತ್ತರ ಕೊಡಬೇಕಾದವರೂ ಅವರೇ.

ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್ ಈ ರೋಗಿಯನ್ನು ಸರಿ ಮಾಡಿ ಅಲ್ಲಿಗೇ ನಿಲ್ಲುವುದಿಲ್ಲ. ಈ ಗಂಟು ಅಷ್ಟು ದಿನ ಯಾರ ಕೈಗೂ ಸಿಗಲಿಲ್ಲ ಯಾಕೆ? ದಿನಕ್ಕೆ ಮೂರು ಸಲ ಇಂಜೆಕ್ಷನ್ ಕೊಟ್ಟ ಸಿಸ್ಟರ್‌ಗಳಿಗೆ ಮುಟ್ಟಿ ನೋಡಬೇಕು ಅಂತ ಯಾರೂ ಹೇಳಿಕೊಟ್ಟಿಲ್ಲ. ಹಾಗಾಗಿ ಮರುದಿನ ಡ್ಯೂಟಿ ಬದಲಾಗುವ ಹ್ಯಾಂಡೋವರ್ ಹೊತ್ತಿಗೆ ಬಂದು, ಆ ರೋಗಿಯ ಒಪ್ಪಿಗೆ ಪಡೆದು, ಒಬ್ಬೊಬ್ಬರ ಬೆರಳನ್ನೂ ಅದೇ ಜಾಗದಲ್ಲಿ ಇಡಿಸಿ ತೋರಿಸುತ್ತಾರೆ. ಒಮ್ಮೆ ಬೆರಳಿಗೆ ಸಿಕ್ಕಿದರೆ ಆ ನರ್ಸ್ ಮತ್ತೆ ಮರೆಯುವುದಿಲ್ಲ. ಆಮೇಲೆ ಇನ್ಸುಲಿನ್ ಚಾರ್ಟಿನಲ್ಲಿ "ಇಂಜೆಕ್ಷನ್ ಜಾಗ ಮುಟ್ಟಿ ನೋಡಿದೆಯೇ" ಅಂತ ಒಂದು ಸಾಲು ಸೇರಿಸಲು ಒಪ್ಪಿಸುತ್ತಾರೆ. ಕೆಲವು ತಿಂಗಳ ನಂತರ ವಾರ್ಡಿನಲ್ಲಿ ಶುಗರ್ ಅಪಾಯದ ಮಟ್ಟಕ್ಕೆ ಇಳಿದ ಪ್ರಕರಣಗಳು ಕಡಿಮೆಯಾದವಾ ಅಂತ ಲೆಕ್ಕ ತೆಗೆಯುತ್ತಾರೆ. ರೋಗಿ, ನರ್ಸ್‌ಗಳು, ಇಡೀ ವ್ಯವಸ್ಥೆ: ಈ ಮೂರೂ ಕಡೆ ಕೈಯಾಡಿಸುವುದೇ ಸ್ಪೆಷಲಿಸ್ಟ್ ಕೆಲಸ ಅಂತ ನಮ್ಮ ವೃತ್ತಿಯಲ್ಲಿ ಹೇಳುತ್ತಾರೆ.

ನಿಮಗೆ ಯಾವುದು ಒಪ್ಪುತ್ತದೆ ಅಂತ ತಿಳಿಯಲು ಒಂದು ಪ್ರಶ್ನೆ ಸಾಕು. ಬೇರೆ ವಾರ್ಡಿನಿಂದ ಕರೆ ಬಂದಾಗ ನೀವು ಏನು ಮಾಡುತ್ತೀರಿ? ಹೋಗಿ, ಆ ರೋಗಿಯನ್ನು ಪೂರ್ತಿ ನಿಮ್ಮ ಕೈಗೆ ತೆಗೆದುಕೊಂಡು, ಗುಣವಾಗುವವರೆಗೆ ಬೆನ್ನು ಹತ್ತಬೇಕು ಅನ್ನಿಸುತ್ತದಾ? ಹಾಗಿದ್ದರೆ ನೀವು ಪ್ರಾಕ್ಟಿಷನರ್ ಮನಸ್ಸಿನವರು. ಅಥವಾ "ಈ ಸಿಸ್ಟರ್‌ಗೆ ಹೇಳಿಕೊಟ್ಟರೆ ಮುಂದಿನ ಸಲ ನನ್ನನ್ನು ಕರೆಯಬೇಕಾಗಿಲ್ಲ" ಅನ್ನಿಸುತ್ತದಾ? ಹಾಗಿದ್ದರೆ ಸ್ಪೆಷಲಿಸ್ಟ್. ನಿಮ್ಮ ಪತ್ರ ಓದಿದರೆ ನನಗೆ ಎರಡನೆಯದರ ಕಡೆಗೇ ವಾಲಿದ ಹಾಗೆ ಕಾಣುತ್ತದೆ. ಆದರೆ ಅದನ್ನು ನೀವೇ ನೋಡಿಕೊಳ್ಳಬೇಕು.

ಇನ್ನು "ಮಾಸ್ಟರ್ಸ್ ಮಾಡಿದರೆ ರೋಗಿಗಳಿಂದ ದೂರ" ಅನ್ನುವ ಮಾತು. ಇದು ಪೂರ್ತಿ ಸುಳ್ಳಲ್ಲ. ಎಷ್ಟೋ ಕಡೆ ಬಡ್ತಿಯ ಏಣಿ ಎರಡೇ ದಿಕ್ಕಿಗೆ ಹೋಗುತ್ತದೆ. ಒಂದು ಕಾಲೇಜಿಗೆ, ಇನ್ನೊಂದು ಸೂಪರಿಂಟೆಂಡೆಂಟ್ ಕೋಣೆಗೆ. ರೋಗಿಯ ಹತ್ತಿರವೇ ಉಳಿದು ಮೇಲಕ್ಕೆ ಏರುವ ಹುದ್ದೆಯನ್ನೇ ಅಲ್ಲಿ ಸೃಷ್ಟಿಸಿರುವುದಿಲ್ಲ. ಚೆನ್ನಾಗಿ ಓದಿದವರು ಹಾಗಾಗಿ ಆ ಎರಡು ಕಡೆ ಹೋಗುತ್ತಾರೆ, ಜನ "ಓದು ದೂರ ಮಾಡಿತು" ಅನ್ನುತ್ತಾರೆ. ತಪ್ಪು ಕೋರ್ಸಿನದಲ್ಲ, ಹುದ್ದೆ ಇಲ್ಲದ್ದು. ಭಾರತದ ಉದಾಹರಣೆಯನ್ನೇ ನೋಡಿ. ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕ್ರಿಟಿಕಲ್ ಕೇರ್‌ನಲ್ಲಿ ನರ್ಸ್ ಪ್ರಾಕ್ಟಿಷನರ್ ಆಗಲು ಎರಡು ವರ್ಷದ ರೆಸಿಡೆನ್ಸಿ ಮಾಸ್ಟರ್ಸ್ ತಂದಿದೆ. ಹೆಚ್ಚು ಹೊತ್ತು ರೋಗಿಯ ಪಕ್ಕದಲ್ಲೇ ಕಲಿಯುವ ಕೋರ್ಸ್ ಅದು. ಒಳ್ಳೆಯ ಕೋರ್ಸ್ ಇದೆ ಅಂದ ಮಾತ್ರಕ್ಕೆ ಪ್ರತಿ ಆಸ್ಪತ್ರೆಯಲ್ಲೂ ಆ ಹೆಸರಿನ ಹುದ್ದೆ, ಅದಕ್ಕೆ ತಕ್ಕ ಸಂಬಳ ಕಾಯುತ್ತಿರುತ್ತದೆ ಅಂತ ಅಲ್ಲ. ನಿಮ್ಮ ಐಸಿಯು ಅನುಭವಕ್ಕೆ ಇದು ಹೊಂದುತ್ತದೆ, ಆದರೆ ಸೇರುವ ಮೊದಲು ಅದೇ ಕೋರ್ಸ್ ಮುಗಿಸಿದವರು ಈಗ ಎಲ್ಲಿ, ಯಾವ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದಾರೆ ಅಂತ ಕೇಳಿ ತಿಳಿದುಕೊಳ್ಳಿ.

ಆರು ವಾರದ ಸರ್ಟಿಫಿಕೇಟ್ ಬಗ್ಗೆ ನೇರವಾಗಿ ಹೇಳುತ್ತೇನೆ. ಅದರಿಂದ ಜ್ಞಾನ ಬರಬಹುದು, ಅಧಿಕಾರ ಬರುವುದಿಲ್ಲ. ಅಂತರರಾಷ್ಟ್ರೀಯ ನರ್ಸ್‌ಗಳ ಕೌನ್ಸಿಲ್ 2020ರ ಮಾರ್ಗಸೂಚಿಯಲ್ಲಿ ಒಂದು ವಿಷಯದಲ್ಲಿ ಪಳಗಿದ ನರ್ಸ್ ಬೇರೆ, ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್ ಬೇರೆ ಅಂತ ಸ್ಪಷ್ಟವಾಗಿ ಬಿಡಿಸಿ ಬರೆದಿದೆ. ಎರಡನೆಯದಕ್ಕೆ ಕನಿಷ್ಠ ಮಾಸ್ಟರ್ಸ್ ಬೇಕು ಅನ್ನುತ್ತದೆ. ಈಗ ನೀವು ಇರುವುದು ಮೊದಲ ಜಾಗದಲ್ಲಿ, ಅದೂ ಗೌರವದ ಜಾಗವೇ. ಗೊಂದಲ ಎಲ್ಲಿ ಅಂದರೆ, ಇಂಥ ಹೆಸರುಗಳಿಗೆ ಎಲ್ಲ ದೇಶದಲ್ಲೂ ಕಾನೂನಿನ ರಕ್ಷಣೆ ಇಲ್ಲ. ಆಸ್ಟ್ರೇಲಿಯಾದಲ್ಲಿ ನರ್ಸ್ ಪ್ರಾಕ್ಟಿಷನರ್ ಅಂತ ಹಾಕಿಕೊಳ್ಳಲು ನರ್ಸಿಂಗ್ ಮಂಡಳಿಯ ಒಪ್ಪಿಗೆ ಬೇಕೇ ಬೇಕು. ಸಿಂಗಪುರದಲ್ಲಿ ಅಡ್ವಾನ್ಸ್ಡ್ ಪ್ರಾಕ್ಟೀಸ್ ನರ್ಸ್‌ಗಳಿಗೆ ಬೇರೆಯದೇ ನೋಂದಣಿ ಇದೆ. ಬ್ರಿಟನ್ನಿನಲ್ಲಿ ಸ್ಪೆಷಲಿಸ್ಟ್ ನರ್ಸ್ ಅನ್ನುವ ಹೆಸರನ್ನು ಬೇರೆ ಬೇರೆ ಮಟ್ಟದ ತರಬೇತಿ ಇರುವವರು ಬಳಸುತ್ತಾ ಬಂದಿದ್ದಾರೆ. ಈ ಸಡಿಲ ಇರುವ ಕಡೆಯೇ ಚಿಕ್ಕ ಕೋರ್ಸ್‌ಗಳ ದೊಡ್ಡ ಜಾಹೀರಾತು ಹುಟ್ಟುವುದು.

ಹಾಗಾದರೆ ನಿಮ್ಮ ಮುಂದೆ ಏನೇನಿದೆ?

ಇದ್ದಲ್ಲೇ ಇದ್ದು ಬೆಳೆಯಬಹುದು. ಚಿಕ್ಕ ಕೋರ್ಸ್ ಮಾಡಿ, ವಾರ್ಡಿಗೆ ಸಕ್ಕರೆ ಕಾಯಿಲೆಯ ವಿಷಯಕ್ಕೆ ಜವಾಬ್ದಾರಿ ನರ್ಸ್ ಆಗಿ. ಸಾಲ ಇಲ್ಲ, ಮಗು ಹತ್ತಿರವೇ ಇರುತ್ತದೆ. ಅಪಾಯ ಒಂದೇ. ಕರೆಗಳು ಹೆಚ್ಚುತ್ತವೆ, ನಿಮ್ಮ ಹಾಸಿಗೆಗಳ ಸಂಖ್ಯೆ ಕಡಿಮೆ ಆಗುವುದಿಲ್ಲ. ಪುಕ್ಕಟೆ ಸ್ಪೆಷಲಿಸ್ಟ್ ಸಿಕ್ಕರೆ ಯಾವ ಆಸ್ಪತ್ರೆ ಬೇಡ ಅನ್ನುತ್ತದೆ? ವಾರಕ್ಕೆ ಇಷ್ಟು ಗಂಟೆ ಈ ಕೆಲಸಕ್ಕೆ ಮೀಸಲು ಅಂತ ಡ್ಯೂಟಿ ಪಟ್ಟಿಯಲ್ಲೇ ಬರೆಸಿಕೊಳ್ಳಿ.

ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್ ದಾರಿಯ ಕಷ್ಟ ಬೇರೆ ಥರದ್ದು. ಈ ಕೆಲಸದ ಫಲ ಕಣ್ಣಿಗೆ ಕಾಣುವುದಿಲ್ಲ. ಆಗದೇ ಹೋದ ಹುಣ್ಣು, ದಿಢೀರ್ ಅಂತ ಕುಸಿಯದೇ ಉಳಿದ ಶುಗರ್, ಮತ್ತೆ ಅಡ್ಮಿಟ್ ಆಗದ ರೋಗಿ, ಇವನ್ನು ಯಾರು ಎಣಿಸುತ್ತಾರೆ? ದುಡ್ಡಿನ ಬಿಗಿ ಬಂದಾಗ ಮೊದಲು ಕತ್ತರಿ ಬೀಳುವುದು ಇಂಥ ಹುದ್ದೆಗೆ. ಅದಕ್ಕಿಂತ ಸಾಮಾನ್ಯ ಇನ್ನೊಂದು: "ಇವತ್ತು ಸ್ಟಾಫ್ ಕಡಿಮೆ ಸಿಸ್ಟರ್, ನಾಲ್ಕು ಹಾಸಿಗೆ ನೋಡ್ಕೊಳ್ಳಿ." ಒಂದು ದಿನ ಆದರೆ ಸರಿ, ಕಷ್ಟಕ್ಕೆ ಆಗಬೇಕಾದದ್ದೇ. ದಿನವೂ ಆದರೆ ನೀವು ಮತ್ತೆ ಸ್ಟಾಫ್ ನರ್ಸ್, ಹೆಸರು ಮಾತ್ರ ಬೇರೆ. ಒಳ್ಳೆಯ ಸ್ಪೆಷಲಿಸ್ಟ್‌ಗಳು ಈ ಕಾರಣಕ್ಕೆ ಬೇಸತ್ತು ಬಿಟ್ಟು ಹೋದದ್ದನ್ನು ನೋಡಿದ್ದೇನೆ, ತುಂಬಾ ನೋವಾಗುತ್ತದೆ. ಮೊದಲ ದಿನದಿಂದಲೇ ಲೆಕ್ಕ ಇಡುವ ಅಭ್ಯಾಸ ಮತ್ತು ಬರವಣಿಗೆಯಲ್ಲಿರುವ ಕೆಲಸದ ವಿವರ, ಇವೆರಡೇ ಇದಕ್ಕೆ ರಕ್ಷಣೆ.

ನರ್ಸ್ ಪ್ರಾಕ್ಟಿಷನರ್ ದಾರಿಯಲ್ಲಿ ಕೆಲಸ ಕಾಣುತ್ತದೆ, ರೋಗಿಗಳ ಸಂಖ್ಯೆ ಎಣಿಸಬಹುದು. ಆದರೆ ಎಲ್ಲವೂ ಕಾನೂನಿನ ಮೇಲೆ ನಿಂತಿದೆ. ಅಮೆರಿಕದಲ್ಲೇ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಸ್ವತಂತ್ರವಾಗಿ ರೋಗಿ ನೋಡಿ ಔಷಧಿ ಬರೆಯಬಹುದು, ಉಳಿದ ಕಡೆ ಡಾಕ್ಟರ್ ಜೊತೆ ಒಪ್ಪಂದ ಬೇಕು. ಕಾನೂನು ಮಸುಕಾಗಿರುವ ಜಾಗದಲ್ಲಿ "ನೀವು ಬರೀರಿ, ಡಾಕ್ಟರ್ ಆಮೇಲೆ ಸಹಿ ಹಾಕ್ತಾರೆ" ಅನ್ನುವ ಪದ್ಧತಿ ಬೆಳೆದಿರುತ್ತದೆ. ಅದಕ್ಕೆ ಒಪ್ಪಬೇಡಿ. ತಪ್ಪಾದ ದಿನ ಆ ಸಹಿ ನಿಮ್ಮನ್ನು ಕಾಪಾಡುವುದಿಲ್ಲ. ಇನ್ನೊಂದು ಮಾತು. ಅಡ್ವಾನ್ಸ್ಡ್ ಪ್ರಾಕ್ಟೀಸ್ ನರ್ಸ್‌ಗಳ ಲೈಸೆನ್ಸ್‌ಗೆ ಅಮೆರಿಕದಲ್ಲಿ 2008ರಲ್ಲಿ ರೂಪಿಸಿದ ಮಾದರಿಯಲ್ಲಿ ಲೈಸೆನ್ಸ್ ಸಿಗುವುದು ದೊಡ್ಡವರು, ಮಕ್ಕಳು, ನವಜಾತರು, ಕುಟುಂಬ, ಮಾನಸಿಕ ಆರೋಗ್ಯ ಹೀಗೆ ಒಂದು ಗುಂಪಿನ ರೋಗಿಗಳಿಗೆ. ಸಕ್ಕರೆ ಕಾಯಿಲೆ ಅನ್ನುವುದು ಅದರ ಮೇಲಿನ ವಿಶೇಷ ಪರಿಣತಿ. ದೊಡ್ಡವರ ವಿಭಾಗದಲ್ಲಿ ಓದಿದ ಮೇಲೆ ಮಕ್ಕಳ ಸಕ್ಕರೆ ಕಾಯಿಲೆ ನೋಡುತ್ತೇನೆ ಅಂದರೆ ಆಗುವುದಿಲ್ಲ, ಮತ್ತೆ ಓದಬೇಕು.

ಬೇರೆ ದೇಶಕ್ಕೆ ಹೋಗಿ ಈ ಕೆಲಸ ಮಾಡುವ ಯೋಚನೆ ಇದ್ದರೆ, ಇಲ್ಲಿನ ಡಿಗ್ರಿ ಅಲ್ಲಿ ನೇರವಾಗಿ ನಡೆಯುತ್ತದೆ ಅಂದುಕೊಳ್ಳಬೇಡಿ. ಮೊದಲು ಸಾಮಾನ್ಯ ನರ್ಸ್ ಆಗಿ ನೋಂದಣಿ, ಆಮೇಲೆ ಉಳಿದದ್ದು. ಆ ದೇಶದ ನರ್ಸಿಂಗ್ ಮಂಡಳಿಯಿಂದಲೇ ಮಾಹಿತಿ ಪಡೆಯಿರಿ, ಏಜೆಂಟ್ ಮಾತಿನಿಂದಲ್ಲ.

ಕೋರ್ಸ್ ಆರಿಸುವಾಗ ಕಟ್ಟಡ, ಹೆಸರು ನೋಡುವ ಮೊದಲು ಕ್ಲಿನಿಕಲ್ ಗಂಟೆ ನೋಡಿ. ಅಮೆರಿಕದಲ್ಲಿ ಕ್ಲಿನಿಕಲ್ ನರ್ಸ್ ಸ್ಪೆಷಲಿಸ್ಟ್ ಓದಿಗೆ ಮೇಲ್ವಿಚಾರಣೆಯಲ್ಲಿ ಕನಿಷ್ಠ 500 ಗಂಟೆ ರೋಗಿಗಳೊಂದಿಗೆ ಕಳೆಯಬೇಕು. ನರ್ಸ್ ಪ್ರಾಕ್ಟಿಷನರ್ ಓದಿಗೆ 2022ರ ಮಾನದಂಡ 750 ಗಂಟೆ ಅನ್ನುತ್ತದೆ. ರೋಗದ ಒಳಗಿನ ಕ್ರಿಯೆ, ದೇಹದ ಪೂರ್ಣ ತಪಾಸಣೆ, ಔಷಧ ಶಾಸ್ತ್ರ, ಈ ಮೂರು ವಿಷಯ ಆಳವಾಗಿ, ಬೇರೆ ಬೇರೆ ಪೇಪರ್ ಆಗಿ ಇರಬೇಕು. ಜೊತೆಗೆ ನಿಂತು ಕಲಿಸುವ ಪ್ರೆಸೆಪ್ಟರ್‌ನನ್ನು ಕಾಲೇಜೇ ಕೊಡುತ್ತದಾ, ನೀವೇ ಹುಡುಕಿಕೊಳ್ಳಬೇಕಾ ಅಂತ ಕೇಳಿ. ಎಷ್ಟೋ ಆನ್‌ಲೈನ್ ಕೋರ್ಸ್‌ಗಳಲ್ಲಿ ಈ ಹುಡುಕಾಟ ವಿದ್ಯಾರ್ಥಿಯ ತಲೆಗೇ ಬರುತ್ತದೆ. ಪ್ರೆಸೆಪ್ಟರ್ ಸಿಗದೆ ಓದು ಅರ್ಧಕ್ಕೆ ನಿಂತು, ಸಾಲದ ಕಂತು ಮಾತ್ರ ನಿಲ್ಲದೆ ನಡೆಯುವ ಸ್ಥಿತಿ ಬರಬಾರದು.

ವಯಸ್ಸಿನ ವಿಷಯಕ್ಕೆ ಚಿಂತೆ ಬೇಡ. ಈ ದಾರಿಯಲ್ಲಿ 33 ತಡ ಅಲ್ಲವೇ ಅಲ್ಲ. ಆಸ್ಟ್ರೇಲಿಯಾದಲ್ಲಿ ನರ್ಸ್ ಪ್ರಾಕ್ಟಿಷನರ್ ಒಪ್ಪಿಗೆಗೆ ಹಿಂದಿನ ಆರು ವರ್ಷದೊಳಗೆ ಉನ್ನತ ಮಟ್ಟದ ಕ್ಲಿನಿಕಲ್ ಕೆಲಸದಲ್ಲಿ 5,000 ಗಂಟೆ ಕೇಳುತ್ತಾರೆ. ಕಾಲೇಜಿನಿಂದ ಆಗ ತಾನೇ ಹೊರಬಂದವರ ಹತ್ತಿರ ಅದು ಇರುವುದಿಲ್ಲ. ಆದರೆ "ಹಿಂದಿನ ಆರು ವರ್ಷ" ಅನ್ನುವುದನ್ನು ಗಮನಿಸಿ. ವಾರ್ಡ್ ಪೂರ್ತಿ ಬಿಟ್ಟು ಕೂತರೆ ಅನುಭವದ ಗಂಟೆಗಳಿಗೂ ಅವಧಿ ಮುಗಿಯುತ್ತದೆ. ಅರೆಕಾಲಿಕ ಓದು ನಿಧಾನ ಅನ್ನಿಸಿದರೂ ನಿಮ್ಮಂಥವರಿಗೆ ಅದೇ ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಮಗು ಇರುವವರು ಸಾಮಾನ್ಯವಾಗಿ "ರಾತ್ರಿ ಮಗು ಮಲಗಿದ ಮೇಲೆ ಓದಿಕೊಳ್ಳುತ್ತೇನೆ" ಅಂತ ಲೆಕ್ಕ ಹಾಕುತ್ತಾರೆ. ಥಿಯರಿಗೆ ಅದು ಸಾಕಾಗುತ್ತದೆ. ಕ್ಲಿನಿಕಲ್ ಗಂಟೆಗಳು ಹಾಗಲ್ಲ. ಅವು ಹಗಲಲ್ಲಿ, ಬೇರೆಯವರ ಸಮಯಕ್ಕೆ, ಕೆಲವೊಮ್ಮೆ ಬೇರೆ ಆಸ್ಪತ್ರೆಯಲ್ಲಿ ಇರುತ್ತವೆ. ನೈಟ್ ಡ್ಯೂಟಿ ಮುಗಿಸಿ ನೇರ ಅಲ್ಲಿಗೆ ಹೋಗಿ ಕಲಿಯುತ್ತೇನೆ ಅನ್ನುವುದು ರೋಗಿಗೂ ಅಪಾಯ, ನಿಮಗೂ ಅಪಾಯ. ಹಾಗಾಗಿ ಮನೆಯಲ್ಲಿ ಮಾತಾಡುವಾಗ "ನಾನು ಓದ್ತೀನಿ" ಅಂತಷ್ಟೇ ಹೇಳಬೇಡಿ. ವಾರದಲ್ಲಿ ಯಾವ ಎರಡು ಹಗಲು ಮಗುವನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಹೆಸರು ಹಿಡಿದು ಮಾತಾಡಿ.

ಡಾಕ್ಟರ್‌ಗಳು ಒಪ್ಪುತ್ತಾರಾ ಅಂತ ನೀವು ಕೇಳಿಲ್ಲ, ಆದರೆ ಆ ಪ್ರಶ್ನೆ ಬಂದೇ ಬರುತ್ತದೆ. ನನ್ನ ಅನುಭವದಲ್ಲಿ ಎದುರಾಗುವ ವಿರೋಧ ಹೆಚ್ಚಾಗಿ ಗೊಂದಲದಿಂದ ಬರುತ್ತದೆ. ಯಾರು ಯಾವ ನಿರ್ಧಾರ ಮಾಡಬೇಕು, ಯಾವಾಗ ಡಾಕ್ಟರನ್ನು ಕರೆಯಬೇಕು ಅನ್ನುವುದು ಮೊದಲೇ ಕಾಗದದಲ್ಲಿದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಹಳೆಯ ಸಹೋದ್ಯೋಗಿಗಳ ಮುನಿಸೇ ಕೆಲವೊಮ್ಮೆ ಹೆಚ್ಚು ಚುಚ್ಚುತ್ತದೆ. "ಈಗ ದೊಡ್ಡವಳಾಗಿಬಿಟ್ಳು" ಅನ್ನುವ ಮಾತು. ಅವರ ಕೆಲಸ ನಿಮ್ಮಿಂದ ಹಗುರವಾಗುತ್ತಾ ಬಂದ ಹಾಗೆ ಅದು ಕಡಿಮೆಯಾಗುತ್ತದೆ.

ಸಾಲದ ಕಾಗದಕ್ಕೆ ಸಹಿ ಹಾಕುವ ಮೊದಲು ಒಂದು ಕೆಲಸ ಮಾಡಿ. ಒಂದು ತಿಂಗಳು, ನಿಮಗೆ ಬರುವ ಪ್ರತಿ ಕರೆಯನ್ನೂ ಪುಸ್ತಕದಲ್ಲಿ ಬರೆದಿಡಿ. ಯಾವ ವಾರ್ಡ್, ಏನು ಕೇಳಿದರು, ನೀವು ಏನು ಮಾಡಿದಿರಿ, ಎಷ್ಟು ಹೊತ್ತು ಹಿಡಿಯಿತು, ರೋಗಿಗೆ ಏನು ಬದಲಾಯಿತು. ರೋಗಿಯ ಹೆಸರು ಬೇಡ. ಅದನ್ನು ತೆಗೆದುಕೊಂಡು ನರ್ಸಿಂಗ್ ಸೂಪರಿಂಟೆಂಡೆಂಟ್ ಹತ್ತಿರ ಹೋಗಿ, "ನಾನು ಓದಿ ಬಂದರೆ ಈ ಕೆಲಸಕ್ಕೆ ಹುದ್ದೆ ಇರುತ್ತದಾ? ಯಾವ ಹೆಸರು, ಯಾರ ಕೆಳಗೆ, ವಾರದಲ್ಲಿ ಎಷ್ಟು ಗಂಟೆ ನೇರ ರೋಗಿಗಳೊಂದಿಗೆ, ಡೋಸ್ ಬದಲಿಸಲು ಯಾರ ಸಹಿ?" ಅಂತ ಕೇಳಿ. "ಇರುತ್ತೆ" ಅಂದರೆ ಬರವಣಿಗೆಯಲ್ಲಿ ಕೊಡಿ ಅನ್ನಿ, ಓದಿಗೆ ರಜೆ ಅಥವಾ ಸಹಾಯ ಸಿಗುತ್ತದಾ ಅಂತಲೂ ಅದೇ ದಿನ ಕೇಳಿ. "ನೋಡೋಣ" ಅಂದರೆ ಅದನ್ನು "ಇಲ್ಲ" ಅಂತಲೇ ತಿಳಿಯಿರಿ. ಆಗ ಆ ಹುದ್ದೆ ನಿಜವಾಗಿ ಇರುವ ಇನ್ನೊಂದು ಆಸ್ಪತ್ರೆ ಹುಡುಕಿ, ಅಲ್ಲಿ ಆ ಕೆಲಸ ಮಾಡುತ್ತಿರುವವರ ಜೊತೆ ಅನುಮತಿ ಪಡೆದು ಕೆಲವು ದಿನ ಓಡಾಡಿ. ಕಾಲೇಜಿನ ಅರ್ಜಿ ಅದಾದ ಮೇಲೆ ತುಂಬಿ.